ಮೋಹಿನಿಯ ಶನಿವಾರದ ಕ್ಲಾಸು

ಮೋಹಿನಿ ಉಡುಪಿಯವಳು. ಗಂಡ ಸುಬ್ರಾಯ ಡಾಕ್ಟರು, ಇಲ್ಲಿ, ಪರದೇಶದ ಈ ನಿಲಾಯ್‌ನ ಒಂದು ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ. ಮೋಹಿನಿ ಮನೆಯಲ್ಲೇ ಇಂಗ್ಲಿಷ್ ಟ್ಯೂಷನ್ ನಡೆಸುತ್ತಾಳೆ. ನಾನು ಎದುರು ಮನೆಯವಳು. ಅವಳ ದನಿ ನನ್ನ ಅಡುಗೆಮನೆಯವರೆಗೂ ಕೇಳುತ್ತದೆ.

ಅವಳ ಕೊರಗು ಒಂದೇ. ಮಗಳು ಶ್ರೀಯಾ ಬಾಯಿಬಿಟ್ಟರೆ ಇಂಗ್ಲಿಷ್. "ಇವಳ ತಲೆಗೆ ಕನ್ನಡ ಹತ್ತೋದೇ ಇಲ್ಲ ಮಾರಾಯ್ತಿ" ಎಂದು ಗಂಡ ಹೆಂಡತಿ ನಂಬಿಬಿಟ್ಟಿದ್ದರು. ಹಾಗಾಗಿ ಗುಟ್ಟಿನ ಮಾತೆಲ್ಲ ಮಗುವಿನ ಎದುರೇ, ಕನ್ನಡದಲ್ಲಿ. ನನ್ನನ್ನು ಆಡಿಕೊಳ್ಳುವುದೂ ಅದರಲ್ಲಿ ಸೇರಿತ್ತು ಬಿಡಿ.

ಕಳೆದ ಶನಿವಾರ ಕಾಫಿಗೆಂದು ಹೋದೆ. 'ಇಫ್' ಬರುವ ವಾಕ್ಯಗಳ ಪಾಠ ನಡೆದಿತ್ತು. 'ಮಳೆ ಬಂದರೆ ಕೊಡೆ ಹಿಡಿಯುತ್ತೇನೆ' ಅನ್ನುವುದು ಆಗಬಹುದಾದ ಮಾತು. 'ನಾನು ಚಿಕ್ಕ ಹುಡುಗಿಯಾಗಿದ್ದರೆ ಮೆಟ್ಟಿಲು ಓಡಿ ಹತ್ತುತ್ತಿದ್ದೆ' ಅನ್ನುವುದು ಬರೀ ಕಲ್ಪನೆ. ಉದಾಹರಣೆ ಪುಸ್ತಕದ್ದಾಗಬಾರದು, ಅವರವರ ಮನೆಯದೇ ಆಗಬೇಕು ಎಂಬುದು ಮೋಹಿನಿಯ ಕಟ್ಟಪ್ಪಣೆ.

ಉಳಿದ ಮಕ್ಕಳ ಜೊತೆ ಕೂತಿದ್ದ ಶ್ರೀಯಾಳ ಸರದಿ ಬಂತು. "ಇಫ್ ದ ಆಪರೇಷನ್ ಗೋಸ್ ವೆಲ್, ಅಪ್ಪ ವಿಲ್ ಟೆಲ್ ಅಮ್ಮ."

ಮೋಹಿನಿ ನಕ್ಕಳು. ಕಲ್ಪನೆ ಚೆನ್ನಾಗಿದೆ, ಆದರೆ ಕಲ್ಪನೆಗೆ 'ವಿಲ್' ಅಲ್ಲ 'ವುಡ್', ವಾಕ್ಯ ತಿದ್ದಿಕೋ ಎಂದಳು.

"ನೋ ಅಮ್ಮ. ಇಟ್ಸ್ ರಿಯಲ್."

ಆಮೇಲೆ ಮಗು ಇಂಗ್ಲಿಷಿನಲ್ಲೇ ಎಲ್ಲ ಹೇಳಿತು. ಸ್ಕೂಲಿನಿಂದ ಬರುವಾಗ ಕಾರಿನಲ್ಲಿ ಅಪ್ಪ ಕಿರಣ ಚಿಕ್ಕಪ್ಪನ ಹತ್ತಿರ ಫೋನಿನಲ್ಲಿ ಕನ್ನಡದಲ್ಲಿ ಮಾತಾಡಿದ್ದರಂತೆ. ತನ್ನ ಕುತ್ತಿಗೆಯಲ್ಲಿ ಗಡ್ಡೆ, ಬುಧವಾರ ಆಪರೇಷನ್. ಮೋಹಿನಿಗೆ ಕಾನ್ಫರೆನ್ಸ್ ಅಂತ ಹೇಳಿ ಹೋಗ್ತೀನಿ, ಅವಳು ತಡ್ಕೊಳ್ಳಲ್ಲ ಅಂದರಂತೆ.

ಕಾನ್ಫರೆನ್ಸಿಗೆಂದು ಮೋಹಿನಿ ಇಸ್ತ್ರಿ ಮಾಡಿಟ್ಟ ಅಂಗಿಗಳು ಅಲ್ಲೇ ಕುರ್ಚಿಯ ಮೇಲಿದ್ದವು. ಅವಳು ಅವನ್ನೇ ನೋಡುತ್ತ ನಿಂತಳು. ಉಳಿದ ಮಕ್ಕಳನ್ನು ನಾನೇ ಮನೆಗೆ ಕಳಿಸಿದೆ. ಊರಿಗೆಲ್ಲ ಔಷಧಿ ಹೇಳುವ ಮನುಷ್ಯ ಹೆಂಡತಿಗೆ ಒಂದು ಮಾತು ಹೇಳಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಡಾಕ್ಟರು ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ರೊಟ್ಟಿ ತಪಾವ್ ಮಾಡಿಸಿಕೊಂಡು, ಕಟ್ಟಿದ ಪೊಟ್ಟಣ ಹಿಡಿದು ಬಂದರು. ಕಾಲರ್ ಗುಂಡಿ ಕುತ್ತಿಗೆಯವರೆಗೂ ಹಾಕಿತ್ತು. ಈ ಸೆಕೆಯಲ್ಲಿ ಯಾಕೆಂದು ನಮಗಿಬ್ಬರಿಗೂ ಇಷ್ಟು ದಿನ ಹೊಳೆದೇ ಇರಲಿಲ್ಲ.

"ಬುಧವಾರ ಎಷ್ಟು ಗಂಟೆಗ್ರೀ ಆಪರೇಷನ್?" ಮೋಹಿನಿ ಕೇಳಿದಳು.

ಅವರ ಕೈ ಕಾಲರಿಗೆ ಹೋಯಿತು. "ಕಿರಣ ಹೇಳಿದ್ನಾ?"

"ನಾನು ಹೇಳಿದ್ದು, ಅಪ್ಪ," ಎಂದಳು ಶ್ರೀಯಾ, ಅಚ್ಚ ಕನ್ನಡದಲ್ಲಿ. "ಅಮ್ಮನ್ನೂ ಕರ್ಕೊಂಡು ಹೋಗಿ. ಒಬ್ರೇ ಹೋಗ್ಬೇಡಿ."