ಸೆರೆಯಿಂದ ಮರಳಿದ ಸಿಪಾಯಿ

ಅವರ ಕೈಬೆರಳುಗಳು ಪೂರ್ತಿ ಮುಚ್ಚುತ್ತಲೂ ಇರಲಿಲ್ಲ, ಪೂರ್ತಿ ಬಿಚ್ಚುತ್ತಲೂ ಇರಲಿಲ್ಲ. ಕ್ಯಾಲಿಫೋರ್ನಿಯಾದ ಡೈರಿಗಳಲ್ಲಿ ವರ್ಷಗಟ್ಟಲೆ ಹಾಲು ಕರೆದು ಅರ್ಧ ಮಡಿಸಿದಂತೆಯೇ ನಿಂತುಬಿಟ್ಟಿದ್ದವು. ಬಾಡಿಗೆ ಮನೆಯ ಬೀಗದಕೈಯನ್ನು ನನಗೆ ಕೊಡುವಾಗ ಅದನ್ನು ಆ ಬೆರಳುಗಳ ಸಂದಿಯಿಂದ ನಾನೇ ಬಿಡಿಸಿಕೊಳ್ಳಬೇಕಾಯಿತು.

ನಮ್ಮ ಮನೆ ಮಾಲೀಕರು ಪೋರ್ಚುಗೀಸರು. ಸ್ಯಾನ್ ಹೋಸೆಯ ಪೂರ್ವಭಾಗದಲ್ಲಿ ಅವರ ಜನರದೇ ಒಂದು ಕೇರಿಯಿತ್ತು. ಹೆಂಡತಿ ತೀರಿಕೊಂಡಿದ್ದರು, ಮಗಳು ಮದುವೆಯಾಗಿ ದೂರದಲ್ಲಿದ್ದಳು. ಮುಂದಿನ ಮನೆಯಲ್ಲಿ ಅವರೊಬ್ಬರೇ, ಹಿತ್ತಲಿನ ಎರಡು ಕೋಣೆಗಳಲ್ಲಿ ನಾವಿಬ್ಬರು. ಯಾವ ಊರು ಎಂದು ಕೇಳಿದ್ದರು. ಗೊತ್ತಿರಲಾರದು ಎಂದುಕೊಂಡೇ ಬೆಳಗಾವಿ ಎಂದೆ. ಅವರು ಒಂದು ಕ್ಷಣ ನನ್ನ ಮುಖ ನೋಡಿ, ನಲ್ಲಿ ಎಲ್ಲಿದೆ, ಕಸದ ಡಬ್ಬಿ ಯಾವ ದಿನ ಹೊರಗಿಡಬೇಕು ಎಂದು ಹೇಳತೊಡಗಿದರು.

ಅದು ಡಾಟ್‌ಕಾಮ್ ಕಾಲ. ನನ್ನ ಗಂಡ ಒಂದು ಸ್ಟಾರ್ಟಪ್ಪಿನಲ್ಲಿದ್ದ, ಮನೆಗೆ ಮಲಗಲು ಮಾತ್ರ ಬರುತ್ತಿದ್ದ. ನನ್ನ ವೀಸಾದಲ್ಲಿ ಕೆಲಸ ಮಾಡುವಂತಿರಲಿಲ್ಲ. ಕಾರು ಓಡಿಸಲೂ ಬರುತ್ತಿರಲಿಲ್ಲ. ಹೊಟ್ಟೆಯಲ್ಲಿದ್ದ ಮಗು ಐದನೇ ತಿಂಗಳಲ್ಲಿ ಹೋಯಿತು. ಆಸ್ಪತ್ರೆಯಿಂದ ಬಂದ ಮೇಲೆ ನನಗೆ ಹಸಿವೂ ಆಗುತ್ತಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಊರಿನಿಂದ ಫೋನು ಬಂದರೆ ಇಲ್ಲಿಯ ಹವೆಯ ಬಗ್ಗೆ ಮಾತಾಡುತ್ತಿದ್ದೆ.

ಮಾಲೀಕರು ಏನೂ ಕೇಳಲಿಲ್ಲ. ಬಾಗಿಲ ಮುಂದೆ ಸೊಪ್ಪಿನ ಸೂಪಿನ ಪಾತ್ರೆ ಇಟ್ಟು ಹೋಗುತ್ತಿದ್ದರು. ಪಾತ್ರೆ ತೊಳೆದು ಕೊಡಲು ಹೋಗಿ ಥ್ಯಾಂಕ್ಸ್ ಹೇಳಿದರೆ, "ನಥಿಂಗ್, ನಥಿಂಗ್" ಎನ್ನುತ್ತಿದ್ದರು. ಅದು ಅವರ ರೂಢಿ. ಮಂಡಿನೋವಿಗೂ ನಥಿಂಗ್, ಹೆಂಡತಿಯ ವಿಷಯಕ್ಕೂ ನಥಿಂಗ್.

ಒಂದು ಭಾನುವಾರ ಅವರು ತಮ್ಮ ಹಳೇ ಪಿಕಪ್ ಟ್ರಕ್ಕಿನ ಕೀಲಿಕೈ ಹಿಡಿದು ಬಂದರು. "ಬಾ, ಡ್ರೈವ್ ಮಾಡು." ಚರ್ಚಿನ ಪಾರ್ಕಿಂಗ್ ಜಾಗ ಖಾಲಿಯಿತ್ತು. ಅಲ್ಲೇ ಸುತ್ತು ಹಾಕಿಸಿದರು. ಮುಂದೆ ವಾರಗಟ್ಟಲೆ ಹಾಗೇ ನಡೆಯಿತು. ಒಂದು ಸಲ ತಿರುವಿನಲ್ಲಿ ನಾನು ಸುಮ್ಮನೆ ಸ್ಟೀರಿಂಗ್ ಬಿಟ್ಟು ಕೂತುಬಿಟ್ಟೆ. ಅವರೇ ಕೈ ಚಾಚಿ ಹ್ಯಾಂಡ್‌ಬ್ರೇಕ್ ಎಳೆದರು. ಬೈಯಲಿಲ್ಲ. ಅವರ ಹರಕು ಇಂಗ್ಲಿಷಿನಲ್ಲಿ ಹೇಳಿದರು: "ಅಳುವುದಿದ್ದರೆ ಗಾಡಿ ನಿಲ್ಲಿಸಿ ಅಳು. ಎಷ್ಟು ಹೊತ್ತಾದರೂ ಕೂತಿರುತ್ತೇನೆ. ಗಾಡಿ ಓಡಿಸುತ್ತ ಅಳಬೇಡ." ನನಗೆ ಅಳು ಬರಲಿಲ್ಲ. ಆದರೂ ಅವರು ಕಿಟಕಿಯ ಕಡೆ ಮುಖ ಮಾಡಿ ಬಹಳ ಹೊತ್ತು ಕೂತಿದ್ದರು.

ನನಗೆ ಲೈಸೆನ್ಸು ಬಂದ ಮೇಲೆ ಬೆಳಗಾವಿಯಿಂದ ಮಾವನವರು ಬಂದರು. ಅವರು ನಿವೃತ್ತ ಮೇಷ್ಟ್ರು. ಹರೆಯದಲ್ಲಿ ಗೋವಾ ವಿಮೋಚನೆಯ ಸತ್ಯಾಗ್ರಹಕ್ಕೆಂದು ಧ್ವಜ ಹಿಡಿದು ಗಡಿ ದಾಟಿ, ಪೋರ್ಚುಗೀಸ್ ಸಿಪಾಯಿಗಳ ಬಂದೂಕಿನ ಹಿಡಿಯಿಂದ ಏಟು ತಿಂದವರು. ಅಂದು ಮುರಿದ ಬಲಭುಜ ನೆಟ್ಟಗೆ ಕೂಡಿಕೊಂಡಿರಲಿಲ್ಲ. ಮಾಲೀಕರು ಯಾವ ಜನ ಎಂದು ತಿಳಿದಾಗ ಅವರ ಮುಖ ಬಿಗಿಯಾಯಿತು.

"ಪೋರ್ತುಗೀಜರವನ ಮನಿಯಾಗ ಇದ್ದೀರೇನು? ಜಗತ್ತಿನ್ಯಾಗ ಬ್ಯಾರೆ ಮನಿ ಸಿಗಲಿಲ್ಲ ನಿಮಗ?"

ಮೊದಮೊದಲು ಮಾವ ಅಂಗಳದ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಮಾಲೀಕರೂ ನಮ್ಮತ್ತ ಸುಳಿಯಲಿಲ್ಲ. ಆಮೇಲೊಂದು ಮಧ್ಯಾಹ್ನ ಮಾವ ಹಿತ್ತಲ ಬೆಂಚಿನ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದಾಗ, ಮಾಲೀಕರು ತಾವು ಬೆಳೆದ ದಪ್ಪ ಅವರೆಯಂಥ ಕಾಯಿಗಳನ್ನು ಬುಟ್ಟಿಯಲ್ಲಿ ತಂದು ಮುಂದೆ ಇಟ್ಟರು. ನಿಂತುಕೊಂಡೇ, ನನ್ನ ಕಡೆ ನೋಡುತ್ತ ಹೇಳಿದರು: "ಇವರಿಗೆ ಹೇಳು. ನಾನು ಗೋವಾದಲ್ಲಿ ಸಿಪಾಯಿಯಾಗಿದ್ದೆ. ಕೊನೆಗೆ. ಇಂಡಿಯಾದ ಸೈನ್ಯ ಬಂದಾಗ."

ಮಾವನಿಗೆ ಕನ್ನಡದಲ್ಲಿ ಹೇಳಿದೆ. ಅವರು ತಾವು ಸತ್ಯಾಗ್ರಹಕ್ಕೆ ಹೋದ ವರ್ಷ ಹೇಳಿ, ಆಗಲೂ ಅಲ್ಲಿದ್ದನೇ ಎಂದು ನನ್ನಿಂದ ಕೇಳಿಸಿದರು. ಆಗ ತಾನಿನ್ನೂ ಪೋರ್ಚುಗಲ್ಲಿನ ಅಜೋರ್ಸ್ ದ್ವೀಪದ ತನ್ನೂರಿನಲ್ಲಿ ದನ ಕಾಯುತ್ತಿದ್ದೆ ಎಂದರು ಮಾಲೀಕರು. ಮಾವ ಉಸಿರು ಬಿಟ್ಟು ಬೆಂಚಿನಲ್ಲಿ ಸರಿದು ಜಾಗ ಮಾಡಿ, ಬುಟ್ಟಿಯಿಂದ ಕಾಯಿ ತೆಗೆದು ಸುಲಿಯತೊಡಗಿದರು.

"ಕೇಳವಾ ಅವಂಗ. ಸೆರಿ ಹಿಡದ ಮ್ಯಾಲೆ ನಮ್ಮವ್ರು ಊಟಾ ಛಲೋ ಹಾಕಿದ್ರೇನು?"

"ಅನ್ನ, ಬೇಳೆ. ತುಂಬ ಖಾರ," ಎಂದರು ಮಾಲೀಕರು. "ಯಾರೂ ಹೊಡೆಯಲಿಲ್ಲ. ಒಬ್ಬ ಕಾವಲುಗಾರ ಬೀಡಿ ಕೊಡುತ್ತಿದ್ದ."

ಆಮೇಲೆ ಕೇಳದೆಯೇ ಉಳಿದದ್ದನ್ನು ಹೇಳಿದರು. ಸಾಯುವವರೆಗೂ ಕಾದಬೇಕೆಂದು ಲಿಸ್ಬನ್ನಿನಿಂದ ಅಪ್ಪಣೆಯಾಗಿತ್ತಂತೆ. ಇವರ ಅಧಿಕಾರಿಗಳು ಹುಡುಗರನ್ನು ಕೊಲ್ಲಿಸಲು ಒಪ್ಪದೆ ಶರಣಾದರಂತೆ. ತಿಂಗಳುಗಳ ಸೆರೆ ಮುಗಿದು ಹಡಗು ಲಿಸ್ಬನ್ ಮುಟ್ಟಿದಾಗ, ಶರಣಾದ ಹೇಡಿಗಳೆಂದು ಅವರದೇ ಸೈನಿಕರು ಬಂದೂಕು ಹಿಡಿದು ಇವರನ್ನು ಇಳಿಸಿಕೊಂಡರಂತೆ. ಊರಿಗೆ ಹೋದರೆ ಅಪ್ಪ ಇವರ ಜೊತೆ ಊಟಕ್ಕೆ ಕೂರಲಿಲ್ಲ. "ಹೆಣವಾಗಿ ಬಂದಿದ್ದರೆ ಚರ್ಚಿನಲ್ಲಿ ಗಂಟೆ ಬಾರಿಸುತ್ತಿದ್ದರು ಅಂದ," ಎಂದರು. ನಾನು ಒಂದೊಂದೇ ವಾಕ್ಯವನ್ನು ಕನ್ನಡಕ್ಕೆ ಮಾಡಿ ಹೇಳಿದೆ. ನನ್ನ ದನಿ ಬೇರೆ ಯಾರದೋ ಎಂಬಂತೆ ಕೇಳಿಸುತ್ತಿತ್ತು.

ಮಾವ ಕಾಯಿ ಸುಲಿಯುವುದನ್ನು ನಿಲ್ಲಿಸಿದರು. "ಒಂದ ಮಾತು ಕೇಳಬೇಕಾಗೇತಿ. ನನ್ನ ಹೊಡ್ಯಾಕತ್ತಿದ್ದ ಸಿಪಾಯಿ ಬಾಗಿ ನನ್ನ ಕಿವ್ಯಾಗ 'ಫೋಜ್, ಫೋಜ್' ಅಂತಿದ್ದ. ಫೌಜ್ ಕರಸ್ತೀನಂತ ಹೆದರ್ಸಾಕತ್ತಾನ ಅಂತ ತಿಳದಿದ್ನಿ. ಸಾಲಿ ಹುಡುಗರಿಗೆಲ್ಲಾ ಹಂಗ ಹೇಳ್ಕೋತ ಬಂದೇನಿ."

ಮಾಲೀಕರು ಆ ಶಬ್ದವನ್ನು ಮಾವನ ಬಾಯಿಂದ ಮತ್ತೊಮ್ಮೆ ಹೇಳಿಸಿದರು. "ಜೋರಾಗಿ ಹೇಳಿದನೋ, ಮೆಲ್ಲಗೋ?"

"ಮೆಲ್ಲಕ. ಬ್ಯಾರೆಯವ್ರಿಗೆ ಕೇಳಧಂಗ."

"ಅದು ಸೈನ್ಯ ಅಲ್ಲ," ಎಂದರು ಮಾಲೀಕರು. "ನಮ್ಮ ಭಾಷೆಯಲ್ಲಿ ಓಡು ಅಂತ. ತಪ್ಪಿಸಿಕೊಂಡು ಓಡಿಹೋಗು ಅಂತ."

ಹೇಳಬೇಕೋ ಬೇಡವೋ ಎಂದು ನಾನು ತಡೆದೆ. ಮಾವ ನನ್ನನ್ನೇ ನೋಡುತ್ತಿದ್ದರು. ಹೇಳಿದೆ. ಅವರ ಎಡಗೈ ತಾನಾಗಿ ಬಲಭುಜದ ಮೇಲೆ ಹೋಯಿತು.

"ಹೊಡದದ್ದೂ ಖರೇ. ಓಡು ಅಂದದ್ದೂ ಖರೇ ಆತಲ್ಲ," ಎಂದರು ಕೊನೆಗೆ. "ತಿಳಿದಿದ್ರೂ ನಾ ಓಡ್ತಿದ್ದಿಲ್ಲ. ಹೇಳವಾ ಅವಂಗ."

ಹೇಳಿದೆ. "ನಾನಾಗಿದ್ದರೆ ಓಡುತ್ತಿದ್ದೆ," ಎಂದರು ಮಾಲೀಕರು. ಅದನ್ನೂ ಹೇಳಿದೆ. ಮಾವ ನಕ್ಕರು. ಮಾಲೀಕರು ನಗಲಿಲ್ಲ. ಮಾವ ಊರಿಗೆ ಹೊರಡುವವರೆಗೂ ಇಬ್ಬರೂ ದಿನಾ ಆ ಬೆಂಚಿನಲ್ಲಿ ಕೂರುತ್ತಿದ್ದರು. ನಾನಿಲ್ಲದಾಗ ಮಾತಿಲ್ಲದೆ ಕೂರುತ್ತಿದ್ದರು.

ಮರುವರ್ಷ ಗಂಡನ ಕಂಪನಿ ಮುಚ್ಚಿತು. ಯೂನಿಯನ್ ಸಿಟಿಯಲ್ಲಿ ಗೆಳೆಯರೊಬ್ಬರ ಅಪಾರ್ಟ್‌ಮೆಂಟಿನ ಒಂದು ಕೋಣೆಗೆ ಹೋದೆವು. ಆ ಚಳಿಗಾಲದಲ್ಲಿ ಮಾಲೀಕರು ತೀರಿಕೊಂಡರು. ಅವರ ಮಗಳು ಫೋನ್ ಮಾಡಿ ತಿಳಿಸಿದಳು. ಗಂಡನಿಗೆ ಅಂದು ಇಂಟರ್‌ವ್ಯೂ ಇತ್ತು. ಅಂತ್ಯಕ್ರಿಯೆಗೆ ನಾನೊಬ್ಬಳೇ ಹೋದೆ.

ಚರ್ಚಿನ ಮೆಟ್ಟಿಲ ಮೇಲೆ ಅವಳು ನನ್ನ ಕೈ ಹಿಡಿದು, "ಅಪ್ಪ ನಿಮ್ಮ ಮಾವನ ಬಗ್ಗೆ ಹೇಳುತ್ತಿದ್ದ. ಭಾಷೆ ಬಾರದ ಇಬ್ಬರಿಗೂ ಹೇಗೆ ಸ್ನೇಹವಾಯಿತು?" ಎಂದಳು.

"ಗೋವಾದಿಂದ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅಪ್ಪ ಇಲ್ಲಿಗೆ ಬರುವವರೆಗೂ ದ್ವೀಪ ಬಿಟ್ಟು ಎಲ್ಲೂ ಹೋಗಿರಲಿಲ್ಲ ಎಂದಳು. ಸುಮ್ಮನಿರಬಹುದಿತ್ತು. ಆದರೆ ಕನ್ನಡದಲ್ಲಿ ಒಮ್ಮೆ ಹೇಳಿದ್ದನ್ನೆಲ್ಲ ಈಗ ಇಂಗ್ಲಿಷಿನಲ್ಲಿ ಹೇಳಿದೆ: ಶರಣಾದದ್ದು, ಸೆರೆ, ಲಿಸ್ಬನ್ನಿನ ಬಂದೂಕುಗಳು, ಜೊತೆಯಲ್ಲಿ ಊಟಕ್ಕೆ ಕೂರದ ಅವರಪ್ಪ.

"ನಮ್ಮಜ್ಜ ಸಾಯುವಾಗ ಬಾ ಎಂದು ಹೇಳಿಕಳಿಸಿದ್ದರು," ಎಂದಳು. "ಅಪ್ಪ ಹೋಗಲಿಲ್ಲ. ಅಮ್ಮ ಕಾಲು ಹಿಡಿದಳು, ಆದರೂ ಹೋಗಲಿಲ್ಲ. ಇವನಿಗೆ ಹೃದಯವೇ ಇಲ್ಲ ಅಂತ ನಾನು ಅವನ ಮುಖಕ್ಕೇ ಹೇಳಿದ್ದೆ. ಅವನು ಏನೂ ಅನ್ನಲಿಲ್ಲ."

ಒಳಗೆ ಪ್ರಾರ್ಥನೆ ಶುರುವಾಗಿತ್ತು. ಅವಳು ನನ್ನ ಕೈ ಬಿಡದೆ ಮನೆಯವರು ಕೂರುವ ಮುಂದಿನ ಸಾಲಿಗೆ ಕರೆದುಕೊಂಡು ಹೋದಳು. ನಾನು ಅವಳ ಪಕ್ಕದಲ್ಲಿ ಕೂತೆ. ಅವಳು ಅಳುತ್ತಿದ್ದಳು. ಎಷ್ಟು ಹೊತ್ತಾದರೂ ಆಗಲಿ ಎಂದು ನಾನು ಕಿಟಕಿಯ ಕಡೆ ಮುಖ ಮಾಡಿದೆ.