ಡಾರ್ಕಸ್ ಮರೆಯದ ಬಿರುದು

ಸೇಂಟ್ ಲೂಯಿಸ್‌ನಲ್ಲಿ ಬಟ್ಟೆ ಒಗೆಯುತ್ತಿದ್ದ ಡಾರ್ಕಸಳಿಗೆ ಮುಂದಿನ ಒಂದು ಹಲ್ಲು ಇರಲಿಲ್ಲ. ಅದನ್ನು ಉದುರಿಸಿದವನು ಅವಳ ಒಡೆಯ ಹೊಸಿಯಾ ಪ್ರೂಯಿಟ್. ಊಟ ಬಡಿಸುವಾಗ ಅವಳು ‘ಕ್ಯಾಪ್ಟನ್’ ಅನ್ನಲು ಮರೆತು ಬರೀ ‘ಒಡೆಯಾ’ ಅಂದಿದ್ದಳು, ಅಷ್ಟೇ ಅಪರಾಧ. ಯುದ್ಧದ ಮುಖ ಕಂಡವನಲ್ಲ ಆ ಮಹಾಶಯ. ಡಾರ್ಕಸಳನ್ನೂ ಕರೆದೊಯ್ದು ನದಿಯಾಚೆಯ ಇಲಿನಾಯ್‌ನಲ್ಲಿ ಮೂರು ವರ್ಷ ಹೊಲ ಮಾಡಿಕೊಂಡಿದ್ದಾಗ ಅಲ್ಲಿನ ಊರದಂಡು, ಅಂದರೆ ಊರ ಗಂಡಸರೇ ಕಟ್ಟಿಕೊಂಡ ಪಡೆ, ಅವನನ್ನು ಕ್ಯಾಪ್ಟನ್ ಆಗಿ ಆರಿಸಿತ್ತು. ವರ್ಷಕ್ಕೆರಡು ಸಲ ಜೋಳದ ಹೊಲದಲ್ಲಿ ಕವಾಯತು, ಆಮೇಲೆ ವಿಸ್ಕಿ. ಇಷ್ಟಕ್ಕೇ ಅವನು ಸೇಂಟ್ ಲೂಯಿಸ್‌ಗೆ ಮರಳಿದ ಮೇಲೂ ಸೊಂಟಕ್ಕೆ ಕೆಂಪು ಪಟ್ಟಿ ಬಿಗಿದುಕೊಂಡು ಮೆರೆಯುತ್ತಿದ್ದ.

ನದಿಯ ಈಚೆ ಮಿಸೌರಿಯಲ್ಲಿ ಗುಲಾಮಗಿರಿ ಇತ್ತು, ಆಚೆ ಇರಲಿಲ್ಲ. ಒಡೆಯ ತನ್ನ ಆಳನ್ನು ಆಚೆಗೆ ಕರೆದೊಯ್ದು ಅಲ್ಲೇ ನೆಲೆ ನಿಂತರೆ ಆ ಆಳು ಸ್ವತಂತ್ರ, ಅವಳ ಹೊಟ್ಟೆಯಲ್ಲಿ ಆಮೇಲೆ ಹುಟ್ಟಿದ ಮಗುವೂ ಸ್ವತಂತ್ರ. ಸುಮ್ಮನೆ ಬಂದು ಹೋದರೆ ಮಾತ್ರ ಲೆಕ್ಕಕ್ಕಿಲ್ಲ. ಹಾಗೆಂದು ಸೇಂಟ್ ಲೂಯಿಸ್‌ನ ಕೋರ್ಟು ಹಲವು ಸಲ ತೀರ್ಪು ಕೊಟ್ಟಿದ್ದು ಒಗೆಯುವ ಹೆಂಗಸರಿಗೆಲ್ಲ ಬಾಯಿಪಾಠವಾಗಿತ್ತು. ಆದರೂ ಡಾರ್ಕಸ್ ಹೆದರಿ ಸುಮ್ಮನಿದ್ದಳು. ಪ್ರೂಯಿಟ್ ಅವಳನ್ನೂ, ಆಚೆಯಿಂದ ಬಂದ ಮೇಲೆ ಅವಳಿಗೆ ಹುಟ್ಟಿದ ಮಗಳು ಲೆಟಿಯನ್ನೂ ತನ್ನ ಅಳಿಯ ಸೈಲಸ್‌ಗೆ ಮದುವೆಯ ಉಡುಗೊರೆ ಅಂತ ಕೊಟ್ಟಾಗಲೂ ಹಲ್ಲು ಕಚ್ಚಿ ಸುಮ್ಮನಿದ್ದಳು. ಲೆಟಿಗೆ ಹನ್ನೆರಡು ತುಂಬಿದಾಗ ಸೈಲಸ್ ಅವಳನ್ನು ನ್ಯೂ ಆರ್ಲಿಯನ್ಸ್‌ಗೆ ಮಾರಲು ಹಡಗು ಗೊತ್ತುಮಾಡಿದ. ಅವತ್ತು ಡಾರ್ಕಸ್ ನೆನೆಹಾಕಿದ ಬಟ್ಟೆಯನ್ನು ತೊಟ್ಟಿಯಲ್ಲೇ ಬಿಟ್ಟು, ಒದ್ದೆ ಕೈಯಲ್ಲೇ ಮಗಳ ರಟ್ಟೆ ಹಿಡಿದು ಕೋರ್ಟಿನ ಮೆಟ್ಟಿಲು ಹತ್ತಿದಳು.

ಕೋರ್ಟು ಅವಳ ಅರ್ಜಿ ತೆಗೆದುಕೊಂಡಿತು, ಮ್ಯಾಬ್ರಿ ಎಂಬ ವಕೀಲನನ್ನು ಕೊಟ್ಟಿತು, ತೀರ್ಪಾಗುವವರೆಗೆ ಇಬ್ಬರನ್ನೂ ಊರು ಬಿಟ್ಟು ಒಯ್ಯಕೂಡದು ಅಂದಿತು. ಓಡಿಹೋಗುತ್ತಾರೆ ಅಂತ ಸೈಲಸ್ ಗೋಳಾಡಿದ್ದಕ್ಕೆ ತಾಯಿ ಮಗಳನ್ನು ಜೈಲಿಗೆ ಹಾಕಿತು. ಸ್ವಾತಂತ್ರ್ಯ ಕೇಳಿದವರಿಗೆ ಜೈಲು! ನ್ಯಾಯ ಅಂದರೆ ಹಾಗೆ. ಹನ್ನೊಂದು ತಿಂಗಳು ಹುಳುಕು ಜೋಳದ ರೊಟ್ಟಿ, ನೀರು ಜಿನುಗುವ ಗೋಡೆ.

ವಿಚಾರಣೆಗೆ ಎರಡು ದಿನ ಇದ್ದಾಗ ಮ್ಯಾಬ್ರಿ ಸಪ್ಪೆ ಮುಖ ಹೊತ್ತು ಜೈಲಿಗೆ ಬಂದ.

“ಪ್ರೂಯಿಟ್ ಅಳಿಯನ ಪರ ಸಾಕ್ಷಿ ಹೇಳ್ತಾನಂತೆ. ಮರ ಕಡಿಸೋಕೆ ಆಚೆ ಹೋಗಿದ್ದೆ, ಮನೆ ಈಚೇನೇ ಇತ್ತು ಅಂತಾನೆ. ಸುಳ್ಳು ಅನ್ನೋಕೆ ಯಾರಿದಾರೆ ಡಾರ್ಕಸ್? ಅಲ್ಲಿದ್ದೋರಲ್ಲಿ ಅರ್ಧ ಜನ ಕಾಲರಾಕ್ಕೆ ಹೋದ್ರು, ಉಳಿದೋರು ಪಶ್ಚಿಮಕ್ಕೆ ಹೋದ್ರು.”

“ನಾನಿದೀನಲ್ಲ. ಕ್ಯಾಪ್ಟನ್ ಆರಿಸಿದ ದಿನ ವಿಸ್ಕಿ ಬಗ್ಗಿಸಿದ್ದು ಈ ಕೈಯೇ. ನಾನು ಈ ಊರಿನೋನೇ ಅಂತ ಅವ್ನು ಬೈಬಲ್ ಮುಟ್ಟಿದ್ದನ್ನ ಕಣ್ಣಾರೆ ನೋಡಿದೀನಿ.”

“ಬಿಳಿಯರ ವಿರುದ್ಧ ನಿನ್ನ ಸಾಕ್ಷಿ ನಡೆಯಲ್ಲ.”

“ಗೊತ್ತು. ಅದಕ್ಕೇ ಅವ್ನ ಬಾಯಿಂದ್ಲೇ ಬರ್ಬೇಕು.”

“ಬರುತ್ತಾ? ಕ್ಯಾಪ್ಟನ್ ಸುದ್ದಿ ಕನಸಲ್ಲೂ ಎತ್ತಬೇಡಿ ಅಂತ ಅವರ ವಕೀಲ ಹೇಳಿಕೊಟ್ಟಿರ್ತಾನೆ.”

ಡಾರ್ಕಸ್ ಹಲ್ಲಿಲ್ಲದ ಸಂದಿ ಕಾಣುವಂತೆ ನಕ್ಕಳು. “ಗ್ಯಾಡ್ಸ್‌ಬಿ ಅಂತ ಒಬ್ಬ ಕುಡುಕ ಅವತ್ತು ಇವ್ನೆದುರು ನಿಂತು ಸೋತಿದ್ದ. ಅಲ್ಲಿ ಗ್ಯಾಡ್ಸ್‌ಬಿನೇ ಕ್ಯಾಪ್ಟನ್ ಆಗಿದ್ನಂತೆ ಹೌದಾ, ಅಂತ ಕೇಳಿ ವಕೀಲ್ರೇ. ಪ್ರಾಣ ಹೋದ್ರೂ ತಡ್ಕೊಳಲ್ಲ ಅವ್ನು.”

ಅವಳಿಗೆ ಬಿಡುಗಡೆ ಬೇಕಿತ್ತು, ಮಗಳಂತೂ ಬೇಕೇ ಬೇಕಿತ್ತು. ಅವೆರಡರಷ್ಟೇ ಅವನ ಮುಖ ಇಂಗು ತಿಂದ ಮಂಗನ ಹಾಗಾಗುವುದನ್ನು ಕಣ್ತುಂಬ ನೋಡಬೇಕಿತ್ತು. ದೇವರು ಮೆಚ್ಚುವ ಆಸೆಯಲ್ಲ ಅದು. ಮೆಚ್ಚದಿದ್ದರೆ ಬಿಡಲಿ.

ವಿಚಾರಣೆಯ ದಿನ ಪ್ರೂಯಿಟ್ ಕೆಂಪು ಪಟ್ಟಿ ಇಲ್ಲದೆ ಬಂದ. ಮ್ಯಾಬ್ರಿ ಬೇಕೆಂದೇ “ಮಿಸ್ಟರ್ ಪ್ರೂಯಿಟ್” ಅಂತ ಕರೆದ. ಅವನು ಉಗುಳು ನುಂಗಿಕೊಂಡ. ಮರ ಕಡಿಸಿದ ಕಥೆಯನ್ನು ನೀರು ಕುಡಿದಷ್ಟು ಸಲೀಸಾಗಿ ಒಪ್ಪಿಸಿದ. ತೀರ್ಪು ಹೇಳಬೇಕಿದ್ದ ಜ್ಯೂರಿಯವರು ತಲೆದೂಗಿದರು. ಲೆಟಿ ತಾಯಿಯ ಲಂಗದಂಚು ಹಿಡಿದುಕೊಂಡಳು.

“ಕೊನೇದೊಂದು ಮಾತು” ಅಂದ ಮ್ಯಾಬ್ರಿ. “ನೀವು ಅಲ್ಲಿದ್ದಾಗ ಊರದಂಡಿಗೆ ಕ್ಯಾಪ್ಟನ್ ಆಗಿದ್ದೋರು ಗ್ಯಾಡ್ಸ್‌ಬಿ ಅಂತೆ. ಭಾರೀ ಗಟ್ಟಿಗರಂತಲ್ಲ?”

“ಯಾರು? ಗ್ಯಾಡ್ಸ್‌ಬಿನಾ?” ಪ್ರೂಯಿಟ್‌ನ ಕಿವಿ ಕೆಂಪಾಯಿತು. ಸೈಲಸ್ ಕೂತಲ್ಲಿಂದಲೇ ಕೈಸನ್ನೆ ಮಾಡಿದ. ಮಾವ ಅಳಿಯನ ಕಡೆ ನೋಡಲೂ ಇಲ್ಲ. “ನೆಟ್ಟಗೆ ನಿಲ್ಲೋಕಾಗದ ಕುಡುಕ ಅವ್ನು! ಜನ ಆರಿಸಿದ್ದು ನನ್ನ! ಮೂರು ವರ್ಷ ನಾನು ಕ್ಯಾಪ್ಟನ್!”

“ಹೊರಗಿನೋರೂ ನಿಲ್ಲಬಹುದಿತ್ತೇ?”

“ಅದೇ ತಕರಾರು ತೆಗೆದ ಆ ಬೇವರ್ಸಿ! ಇದೇ ನನ್ನೂರು, ಇಲ್ಲೇ ಬಾಳ್ತೀನಿ, ಇಲ್ಲೇ ಮಣ್ಣಾಗ್ತೀನಿ ಅಂತ ಬೈಬಲ್ ಮುಟ್ಟಿ ಹೇಳ್ದೆ. ಬಾಯಿ ಮುಚ್ಕೊಂಡ!”

ಜ್ಯೂರಿಯಲ್ಲೊಬ್ಬ ಕಿಸಕ್ಕನೆ ನಕ್ಕ. ಪ್ರೂಯಿಟ್ ಬಾಯಿ ತೆರೆದವನು ತೆರೆದೇ ನಿಂತ. ಡಾರ್ಕಸ್ ಆ ಮುಖವನ್ನು ಹಸಿದವಳು ಉಣ್ಣುವಂತೆ ನಿಧಾನವಾಗಿ ನೋಡಿದಳು.

ಸಂಜೆಯೊಳಗೆ ತಾಯಿ ಮಗಳು ಇಬ್ಬರೂ ಸ್ವತಂತ್ರರು ಅಂತ ತೀರ್ಪಾಯಿತು. ಸೈಲಸ್ ಮಾವನ ಮನೆಯ ಹೊಸ್ತಿಲು ತುಳಿಯುವುದನ್ನೇ ಬಿಟ್ಟ. ಪ್ರೂಯಿಟ್ ಕೆಂಪು ಪಟ್ಟಿಯನ್ನು ಒಲೆಗೆ ಹಾಕಿದನಂತೆ, ಕ್ಯಾಪ್ಟನ್ ಅಂದವರ ಮೇಲೆ ಎಗರಿ ಬೀಳುತ್ತಿದ್ದನಂತೆ.

ಡಾರ್ಕಸ್ ಅವನ ಚರ್ಚಿನ ದಾರಿಯಲ್ಲೇ ಬಾಡಿಗೆ ಮನೆ ಹಿಡಿದಳು. ನದಿಗೆ ದೂರ, ನೀರಿಗೆ ಕಷ್ಟ. ಆದರೂ ಅದೇ ಮನೆ ಬೇಕು ಅಂದಳು. ಪ್ರತಿ ಭಾನುವಾರ ಅವನು ಬರುವ ಹೊತ್ತಿಗೆ ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬಾಗಿಲಿಗೆ ಬರುತ್ತಿದ್ದಳು.

“ನಮಸ್ಕಾರ, ಕ್ಯಾಪ್ಟನ್” ಅನ್ನುತ್ತಿದ್ದಳು, ಬೀದಿಗೆಲ್ಲ ಕೇಳುವ ಹಾಗೆ.

ಅವನು ಬದುಕಿದ್ದ ಒಂಬತ್ತು ವರ್ಷದಲ್ಲಿ ಒಂದು ಭಾನುವಾರವೂ ಅವಳು ಮರೆಯಲಿಲ್ಲ.