ಹಾರ ಹಾಕಿಕೊಂಡ ತೋಳು

ಬೆಳಿಗ್ಗೆ ಹಾಲಿನ ಪ್ಯಾಕೆಟ್ ಕತ್ತರಿಸಿ ಕಾಯಲಿಟ್ಟು, ಡಿಕಾಕ್ಷನ್ ಇಳಿದಿದೆಯೇ ಎಂದು ಫಿಲ್ಟರಿನ ಮುಚ್ಚಳ ತೆಗೆದು ನೋಡಿ, ಚಪಾತಿಗೆ ಕಲಸಿದ್ದಾಯಿತು. ಬನಶಂಕರಿಯ ನಮ್ಮ ಮನೆಯಲ್ಲಿ ಎಂದಿನ ಬೆಳಗು. ಯಜಮಾನರು ಮಾತ್ರ ಕಾಫಿ ಲೋಟವನ್ನು ಮೇಜಿನ ಮೇಲೆ ಸದ್ದೇ ಆಗದಂತೆ ಇಟ್ಟರು. ಮಣಿಕಟ್ಟು ನಿಧಾನವಾಗಿ ತಿರುಗಿ, ಒಂದು ಕ್ಷಣ ತಡೆದು, ಆಮೇಲೆ ಬೆರಳುಗಳು ಲೋಟ ಬಿಟ್ಟವು. ಕೆಲವು ವಾರಗಳಿಂದ ಹೀಗೇ.

ಅವರು ಉತ್ತರಹಳ್ಳಿಯ ಆಚೆ ಒಂದು ಪಂಪ್ ಕಾರ್ಖಾನೆಯಲ್ಲಿ ಫಿಟ್ಟರ್. ಅಲ್ಲಿಗೆ ಹೊಸದಾಗಿ ರೋಬೋಟಿನ ತೋಳೊಂದು ಬಂದಿತ್ತು. ಮನುಷ್ಯನ ಪಕ್ಕದಲ್ಲೇ ನಿಂತು, ನಿಧಾನವಾಗಿ, ಸದ್ದಿಲ್ಲದೆ ಕೆಲಸ ಮಾಡುವಂಥದ್ದು. ಅದನ್ನು ಹಿಡಿದು ಒಮ್ಮೆ ನಡೆಸಿದರೆ ಆ ದಾರಿಯನ್ನು ನೆನಪಿಟ್ಟುಕೊಳ್ಳುತ್ತದೆ. ಯಾರಾದರೂ ತಗುಲಿದರೆ ಪೆಟ್ಟಾಗದಿರಲೆಂದು ನಿಂತುಬಿಡುತ್ತದೆ. ಅದಕ್ಕೆ ಕಲಿಸುವ ಕೆಲಸ ಇವರದು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಹೀಗೇ ಕೈ ಹಿಡಿದು ನನ್ನಿಂದ ಅಕ್ಷರ ತಿದ್ದಿಸಿದ್ದರು. ಇಂದಿಗೂ ನನ್ನ ಬರವಣಿಗೆ ಅವರದೇ.

ಅಂದು ದೊಡ್ಡ ಅಧಿಕಾರಿಗಳು ನೋಡಲು ಬರುವವರಿದ್ದರು. ತೋಳು ಇವರ ಜೊತೆ ಹೊಂದಿಕೊಂಡರೆ ಇವರು ಅದೇ ಜಾಗದಲ್ಲಿ. ಇಲ್ಲದಿದ್ದರೆ ಅದಕ್ಕೆ ಸುತ್ತ ಬೇಲಿ ಹಾಕಿ ಒಂಟಿಯಾಗಿ ಓಡಿಸಿ, ಇವರನ್ನು ಪ್ಯಾಕಿಂಗಿಗೆ ಕಳಿಸುವುದೆಂದು ಮಾತು.

"ಪ್ಯಾಕಿಂಗ್ ಆದ್ರೇನು, ಸಂಬಳ ಅದೇ ಅಲ್ವಾ?" ಎಂದಿದ್ದೆ ಒಮ್ಮೆ.

"ಡಬ್ಬಕ್ಕೆ ಟೇಪ್ ಅಂಟಿಸೋಕೆ ಇಷ್ಟು ವರ್ಷ ಕೈ ಪಳಗಿಸ್ದೆನಾ?" ಎಂದು ತಟ್ಟೆ ಬಿಟ್ಟು ಎದ್ದಿದ್ದರು.

ಕಲಿಸುವುದು ಬೇರೆ, ಪೂಜೆಯಾಗದೆ ಯಾವ ಯಂತ್ರವೂ ಅಲ್ಲಿ ಅಸಲಿ ಕೆಲಸ ಶುರುಮಾಡುವುದಿಲ್ಲ. ಕುಂಕುಮ, ನಿಂಬೆಹಣ್ಣು, ಹಿಂದಿನ ಸಂಜೆ ಜಯನಗರ ನಾಲ್ಕನೇ ಬ್ಲಾಕಿನಿಂದ ತಂದ ಸೇವಂತಿಗೆ ಹಾರ, ಎಲ್ಲ ಕಟ್ಟಿ ಕಳಿಸಿದೆ. ಹೂವಿನವಳು ತೆಳ್ಳನೆಯ ಹಾರ ತೋರಿಸಿದಾಗ, "ಮೆಷಿನ್‌ಗೆ ಕಣಮ್ಮ, ದಪ್ಪ ಇರೋದು ಕೊಡು" ಎಂದು ನಾನೇ ಆರಿಸಿದ್ದು.

ಅವರು ಹೋದ ಮೇಲೆ ಒರೆಸಿದ ಕಟ್ಟೆಯನ್ನೇ ಮತ್ತೆ ಒರೆಸಿದೆ. ಬೇಳೆಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಾಗದೆ ನಾಲಿಗೆಗೆ ಹಚ್ಚಿ ನೋಡಿ, ನಾಲಿಗೆ ಸುಟ್ಟುಕೊಂಡೆ.

ಮಧ್ಯಾಹ್ನ ಫೋನ್ ಬಂತು. ಅವರ ಹಿಂದೆ ಯಾರೋ ಏರುದನಿಯಲ್ಲಿ ಇಂಗ್ಲಿಷ್ ಮಾತಾಡುತ್ತಿದ್ದರು.

"ನೋಡೇ, ಹಾರ ಈಗ್ಲೇ ತೆಗೀಬೋದಾ?"

"ಯಾವ ಹಾರ ರೀ?"

"ತೋಳಿಗೆ ಹಾಕಿರೋದು. ಅದು ಬಗ್ಗಿದಾಗೆಲ್ಲ ಹಾರ ತೂಗಾಡಿ ಎಳೆಯುತ್ತೆ. ಯಾರೋ ಮನುಷ್ಯ ತಗುಲಿದ ಅಂದ್ಕೊಂಡು ನಿಂತ್ಬಿಡುತ್ತೆ. ಸಾಹೇಬ್ರುಗಳು ಕಂಪ್ಯೂಟರ್ ನೋಡ್ತಾ ನಿಂತವ್ರೆ. ಇಲ್ಲಿ ಹುಡುಗ್ರು, ಪೂಜೆ ಹಾರ ಸಾಯಂಕಾಲದ ತನಕ ಇರ್ಬೇಕು ಅಂತ ಯಾರೂ ಮುಟ್ತಿಲ್ಲ. ನಂಗೂ ಧೈರ್ಯ ಬರ್ತಿಲ್ಲ."

ನನಗೇನು ಗೊತ್ತು? ಸಿಸ್ಟರುಗಳು ಇದನ್ನು ಹೇಳಿಕೊಟ್ಟಿರಲಿಲ್ಲ. ಹೇಳಬಲ್ಲವರಾಗಿದ್ದ ಅತ್ತೆ ಈಗಿಲ್ಲ. ದೇವರ ಗೂಡಿನ ಕಡೆ ನೋಡಿದೆ. ದೀಪ ಆರಿತ್ತು.

"ತೆಗೀರಿ. ನೆಲಕ್ಕೆ ಹಾಕ್ಬೇಡಿ, ಕಣ್ಣಿಗೊತ್ಕೊಂಡು ಪಕ್ಕದಲ್ಲಿಡಿ. ಯಾರಾದ್ರೂ ಕೇಳಿದ್ರೆ ಮನೆಯವಳು ಹೇಳಿದ್ಲು ಅನ್ನಿ."

"ನೀನ್ಯಾವಾಗ ಪುರೋಹಿತಳಾದೆ?"

"ಕೊಂಡೋಳು ನಾನೇ ಅಲ್ವಾ. ತೆಗೀರಿ ಸುಮ್ನೆ."

ಆಮೇಲೆ ಸುದ್ದಿಯೇ ಇಲ್ಲ. ನಾನಾಗಿ ಫೋನ್ ಮಾಡಲು ಹೆದರಿಕೆ. ಗೇಟಿಗೂ ಅಡುಗೆಮನೆಗೂ ನಡೆದಾಡಿದ್ದಷ್ಟೇ.

ಸಂಜೆ ಅವರು ಎದುರಿಗೆ ಬಂದು ನಿಂತಾಗ ಊಟದ ಬ್ಯಾಗಿನಿಂದ ಹಾರ ಇಣುಕುತ್ತಿತ್ತು.

"ಓಡ್ತು ಕಣೇ. ಹಾರ ತೆಗೆದ್ಮೇಲೆ ಒಂದ್ಸಲಾನೂ ನಿಲ್ಲಲಿಲ್ಲ. ನಾನು ಅಲ್ಲೇ ಇರ್ತೀನಂತೆ, ಪ್ಯಾಕಿಂಗ್ ಇಲ್ಲ."

"ಅದು ಪೂರ್ತಿ ಕಲಿತ್ಮೇಲೂ ಇರ್ತೀರಾ?"

ಅವರು ಬಗ್ಗಿ ಷೂ ಲೇಸು ಬಿಚ್ಚಿದರು. ನಿಧಾನವಾಗಿ, ಒಂದೊಂದೇ ಎಳೆ.

"ಕಾಫಿ ಇದ್ಯಾ?" ಎಂದರು.

ಡಿಕಾಕ್ಷನ್ ಬಿಸಿಗಿಟ್ಟು, ಹಾರವನ್ನು ತುಳಸಿ ಕಟ್ಟೆಯ ಮೇಲಿಡಲು ಹೊರಗೆ ಬಂದೆ. ಪಕ್ಕದ ಮನೆಯಾಕೆ ಗಿಡಕ್ಕೆ ನೀರು ಹಾಕುತ್ತ ಕಾಂಪೌಂಡಿನ ಆಚೆಯಿಂದ ಕೂಗಿದರು:

"ಏನ್ರೀ, ನಿಮ್ಮೆಜಮಾನ್ರಿಗೆ ಹುಷಾರಿಲ್ವಾ? ಗೇಟು ದಢಾರಂತ ಹಾಕಿ ನಮ್ಮ ಪಾಪೂನ ಎಬ್ಬಿಸೋರು. ಈಗ ಬಂದಿದ್ದೇ ಗೊತ್ತಾಗಲ್ಲ ನೋಡಿ."